ಉದ್ದ ಮಾರಿ, ಸಣ್ಣ ಮಾರಿ

ಇವತ್ತು ಬೆಳಿಗ್ಗೆ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ನನಗೆ ಬೆನ್ನು ಮಾಡಿ ಕೂತಿದ್ದವಳು ತಿರುಗದೆಯೇ, “ಅಜ್ಜಿ, ಲಾಂಗ್ ಫೇಸ್ ಅಂದ್ರ ಏನು?” ಎಂದಳು. ಕೊಬ್ಬರಿ ಎಣ್ಣೆಯ ವಾಸನೆಯಲ್ಲಿ ಸಿಂದಗಿಯ ನಮ್ಮ ಪಡಸಾಲೆಯೇ ಎದ್ದು ಬಂತು ನೋಡಿ.

ಅರವತ್ತರ ದಶಕದ ಮಾತು. ನಾನಿನ್ನೂ ಸೀರೆಗೆ ಬಾರದ, ಪರಕಾರ ಉಡುವ ಹುಡುಗಿ. ಅಕ್ಕನಿಗೆ ವಿಜಾಪುರದಲ್ಲಿ ಶಿಕ್ಷಕರ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು. ಅಷ್ಟರಲ್ಲಿ ಮುದ್ದೇಬಿಹಾಳದ ಸಂಬಂಧ ಬಂತು. “ಇನ್ನ ಟ್ರೇನಿಂಗ್ ಯಾಕ?” ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು. ಅಕ್ಕ ಎದುರಾಡಲಿಲ್ಲ. ಸುಮ್ಮನಿದ್ದವರು ಒಪ್ಪಿದ್ದಾರೆ ಎಂದೇ ನಮ್ಮ ಮನೆಯಲ್ಲಿ ತಿಳಿಯುತ್ತಿದ್ದರು.

ಹುಡುಗಿ ನೋಡಲು ಬಂದ ಆ ಮಧ್ಯಾಹ್ನ ಈಗ ಕನಸಿನ ಹಾಗಿದೆ. ಬೆಳಕಿಂಡಿಯ ಬಿಸಿಲಿನಲ್ಲಿ ಧೂಳು ಮೆಲ್ಲಗೆ ತೇಲುತ್ತಿತ್ತು. ಅಕ್ಕ ಮಂಡಕ್ಕಿ ಸುಸಲಾದ ತಟ್ಟೆ ಇಟ್ಟು ಕೂತಳು. ವರ ಅವಳನ್ನು ಒಂದು ಗಳಿಗೆ ನೋಡಿ, ಜೊತೆಗೆ ಬಂದ ಗೆಳೆಯನಿಗೆ ಮೆಲ್ಲಗೆ, “ವೈ ದ ಲಾಂಗ್ ಫೇಸ್?” ಎಂದರು. ಅದು ನಮ್ಮ ಕಾಕಾನ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಕಚೇರಿಯ ಸಾಹೇಬರ ಬಾಗಿಲಲ್ಲಿ ನಿಂತು ನಿಂತು ಇಂಗ್ಲಿಷ್ ಕಲಿತ ಹಮ್ಮು ಕಾಕಾನಿಗೆ.

ಬಂದವರು ಹೊಸ್ತಿಲು ದಾಟಿದ್ದೇ ತಡ, “ಲಾಂಗ್ ಅಂದ್ರ ಉದ್ದ, ಫೇಸ್ ಅಂದ್ರ ಮಾರಿ. ನಮ್ಮ ಹುಡುಗಿ ಮಾರಿ ಉದ್ದ ಐತಿ ಅಂದಾನ! ನಾಳಿ ಮೋಟಾರಿಗೆ ಹೋಗಿ ಬ್ಯಾಡ ಅಂತ ಹೇಳಿ ಬರ್ತೇನಿ,” ಎಂದು ಕಾಕಾ ಕೂಗಾಡಿದರು. ಅಕ್ಕನ ಮುಖ ತುಸು ಉದ್ದವೇ ಇತ್ತೆನ್ನಿ. ಅವ್ವ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಅಕ್ಕ ಕೈ ಬಿಡಿಸಿಕೊಂಡು ಒಳಗೆ ಹೋದಳು. ಹಿಂದೆ ಹೋದ ನನಗೆ, “ಅವರ ದನಿ ಚಲೋ ಇತ್ತು,” ಎಂದಷ್ಟೇ ಹೇಳಿ ಅತ್ತಳು. ನನಗೂ ಅಳು ಬಂತು.

ಗದ್ದಲ ಕೇಳಿ ಪಕ್ಕದ ಮನೆಯ ಖಾದರ ಮಾಸ್ತರರು ಬಂದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳುವವರು. ಕಾಕಾನ ಮಾತು ಪೂರ್ತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮನಸ್ಸಿಗೆ ಬ್ಯಾಸರಾದ್ರ ನಮ್ಮ ಕಡೆ ಮಾರಿ ಸಣ್ಣದಾಗ್ತೈತ್ರಿ. ಇಂಗ್ಲಿಷನವರದು ಉದ್ದ ಆಗ್ತೈತಿ, ಅಷ್ಟ. ಹುಡುಗಿ ಯಾಕ ಬ್ಯಾಸರದಾಗ ಐತಿ ಅಂತ ಕೇಳ್ಯಾನ್ರಿ ಆ ಹುಡುಗ.”

ಕಾಕಾ ಟೋಪಿ ಸರಿಮಾಡಿಕೊಂಡರು. ಅಪ್ಪ ಮಾತ್ರ ನಗಲಿಲ್ಲ. ಅಕ್ಕನನ್ನು ಕರೆದು, “ಯಾಕವ್ವಾ ಬ್ಯಾಸರ?” ಎಂದರು. ಅಪ್ಪ ಅವಳನ್ನು ಹಾಗೆ ಕೇಳಿದ್ದು ನಾನು ಅದೇ ಮೊದಲು ಕಂಡದ್ದು.

“ಟ್ರೇನಿಂಗ್ ಮುಗಸ್ತೇನ್ರಿ ಅಪ್ಪಾ. ಅವರು ಅಲ್ಲೀತನಾ ಕಾಯ್ತಾರೇನು ಕೇಳ್ರಿ,” ಎಂದಳು ಅಕ್ಕ.

ಕಾದರು. ಅವರೇ ನಮ್ಮ ಭಾವ.

ಇದನ್ನೆಲ್ಲ ನಗುನಗುತ್ತ ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ.

“ಸಾಲ್ಯಾಗ ಇದನ್ನ ಕಲಿಸಿದ್ರೇನು?” ಎಂದೆ.

“ಕಲಿಸಿಲ್ಲ. ನಿನ್ನೆ ಟೀಚರ್ ನನಗ ‘ವೈ ದ ಲಾಂಗ್ ಫೇಸ್?’ ಅಂತ ಕೇಳಿದ್ರು.”

ಎಣ್ಣೆಗೈಯಲ್ಲೇ ಅವಳ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ.

“ಯಾಕವ್ವಾ, ಏನಾತು?”