ಕಟ್ಟೆಯ ಮೇಲಿಟ್ಟ ಗಂಟು

ಸೇಡಂನ ಆ ಓಣಿಯಲ್ಲಿ ಭಾಗಮ್ಮನ ಮನೆ ಯಾವುದೆಂದು ಕೇಳಿದರೆ ಸಣ್ಣ ಮಕ್ಕಳೂ ಕೈ ಮಾಡಿ ತೋರಿಸುತ್ತವೆ. ಮನೆ ದೊಡ್ಡದೆಂದಲ್ಲ, ಪಡಸಾಲೆ ದೊಡ್ಡದು. ಶಹಾಬಾದದ ಕಲ್ಲು ಹಾಸಿದ್ದು, ಬಿರುಬೇಸಿಗೆಯಲ್ಲೂ ಅಂಗಾಲಿಗೆ ತಂಪು. ರವಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಅಲ್ಲಿ ಹೆಂಗಸರು ಕೂಡುತ್ತಾರೆ. ನಡುವೆ ಕೌದಿ ಹಾಸಿಕೊಂಡು ನಾಲ್ಕೂ ಕಡೆಯಿಂದ ಹೊಲಿಯುತ್ತ ಬರುತ್ತಾರೆ. ಸೂಜಿಗಿಂತ ಬಾಯಿ ಜೋರು ಓಡುತ್ತದೆ ಎಂದು ಓಣಿಯ ಗಂಡಸರು ನಗುತ್ತಾರೆ. ನಗಲಿ ಬಿಡಿ. ಆ ಗಂಡಸರಲ್ಲಿ ಒಬ್ಬನಾದರೂ ಇಷ್ಟು ವರ್ಷ ಒಂದೇ ಕೆಲಸವನ್ನು ಕೈಬಿಡದೆ ಮಾಡಿದ್ದನ್ನು ಕಂಡವರಿಲ್ಲ.

ಇವರು ಕೌದಿ ಹೊಲಿದು ಮಾರುವವರಲ್ಲ. ಹಳೆಯ ನೂಲಿನ ಸೀರೆಗಳನ್ನು ಹರಿದು, ಪದರದ ಮೇಲೆ ಪದರ ಜೋಡಿಸಿ ಹೊಲಿದು, ಬೇಕಾದವರಿಗೆ ಕೊಟ್ಟು ಬರುತ್ತಾರೆ. ಹೆರಿಗೆಗೆ ಬಂದ ಬಡ ಬಾಣಂತಿಯರಿಗೆ, ವಾಡಿ ಸ್ಟೇಷನ್ನಿನಲ್ಲಿ ಚಳಿಗೆ ಮುದುಡಿ ಮಲಗುವವರಿಗೆ, ಚಿಂಚೋಳಿಯ ಹತ್ತಿರ ದಿಕ್ಕಿಲ್ಲದ ಹುಡುಗಿಯರನ್ನು ಇಟ್ಟುಕೊಂಡು ಸಾಕುವ ಒಂದು ವಸತಿಗೆ. ಯಾವ ಕೌದಿ ಎಲ್ಲಿಗೆ ಎನ್ನುವುದನ್ನು ಎಲ್ಲರೂ ಕೂಡಿಯೇ ತೀರ್ಮಾನ ಮಾಡಬೇಕು. ಅದಕ್ಕೆ ಜಗಳವೂ ಆಗುತ್ತದೆ, ಜಗಳವಾದ ಮೇಲೆ ಚಹಾ.

ಇದೆಲ್ಲ ಸುರುವಾದದ್ದು ಕಾಗಿಣಾ ಹೊಳೆ ಊರೊಳಗೆ ನುಗ್ಗಿದ ಒಂದು ವರ್ಷ. ಹೊಳೆದಂಡೆಯ ಹಳ್ಳಿಗಳವರನ್ನು ತಂದು ಶಾಲೆಯಲ್ಲಿ ಇಟ್ಟಿದ್ದರು. ಸುಲೇಪೇಟದಿಂದ ಸೊಸೆಯಾಗಿ ಬಂದ ಭಾಗಮ್ಮ ಆಗ ಎರಡು ಮಕ್ಕಳ ತಾಯಿ, ಗಟ್ಟಿ ಹೆಂಗಸು. ರೊಟ್ಟಿಬುಟ್ಟಿ ಹೊತ್ತು ಶಾಲೆಗೆ ಹೋದವಳು ಬರಿಗಲ್ಲಿನ ಮೇಲೆ ಮಲಗಿಸಿದ್ದ ಹಸುಗೂಸನ್ನು ನೋಡಿದಳು. ಬುಟ್ಟಿ ಅಲ್ಲೇ ಇಳಿಸಿ ಮನೆಗೆ ಓಡಿ ಬಂದು, ಗಂಡ ಹಾಸಿಕೊಂಡು ಮಲಗಿದ್ದ ಕೌದಿಯನ್ನೇ ಹಿಡಿದು ಎಳೆದಳು. ಕಾಳುಕಡಿ ವ್ಯಾಪಾರದ ಅಡತ್ತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಕಲ್ಯಾಣಪ್ಪ ಪಾಪದ ಮನುಷ್ಯ, ನಿದ್ದೆಗಣ್ಣಲ್ಲೇ ಉರುಳಿ ನೆಲಕ್ಕೆ ಬಿದ್ದ.

"ಭೂಕಂಪ ಆಯ್ತೇನ?" ಎಂದು ಕೂಗಿದ.

"ಹೌದು, ಮಲಕೋರಿ!" ಎಂದು ಹೇಳಿ ಅವಳು ಕೌದಿ ಬಗಲಿಗಿಟ್ಟುಕೊಂಡು ಹೋಗಿಯೇಬಿಟ್ಟಳು. ಈ ಕತೆಯನ್ನು ಕಲ್ಯಾಣಪ್ಪ ಸಾಯುವತನಕ ಬಂದವರಿಗೆಲ್ಲ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಅದೆಂಥ ಹೆಮ್ಮೆ ಇರುತ್ತಿತ್ತೆಂದರೆ, ಬಿದ್ದದ್ದೇ ತನ್ನ ದೊಡ್ಡಸ್ತಿಕೆ ಎನ್ನುವ ಹಾಗೆ.

ಒಂದು ಕೌದಿಯಿಂದ ಏನಾಗಬೇಕು? ಓಣಿಯ ತುದಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ ರಶೀದಾಬೇಗಂ ಬಂದಳು. ವಯಸ್ಸಿನಲ್ಲಿ ಭಾಗಮ್ಮನಿಗಿಂತ ನಾಲ್ಕಾರು ವರ್ಷ ಹಿರಿಯಳು, ಅದಕ್ಕೇ ಅವಳ ಬಾಯಲ್ಲಿ ಆಪಾ, ಬಾಯಿ ಮಾತ್ರ ಊರಿಗೇ ಹಿರಿದು. ಕೂಲಿಗೆ ಹೋಗುತ್ತಿದ್ದ ಭೀಮಬಾಯಿ ಬಂದಳು. ಮತ್ತೆ ಹತ್ತಾರು ಮಂದಿ ಕೂಡಿದರು. ಆದರೆ ಸುರುವಾತಿಗೇ ಒಂದು ಕಿರಿಕಿರಿ ಬಂತು. ಸಾಹುಕಾರರ ಮನೆಯ ಹೆಣ್ಣುಮಗಳೊಬ್ಬಳು ಹೊಲಿಯುತ್ತ ಕೂತಾಗಲೆಲ್ಲ, "ಈ ಕೆಂಪು ತುಂಡು ನಮ್ಮದು ನೋಡ್ರಿ, ಹೈದ್ರಾಬಾದಿನ ಸೀರಿ. ಒಂದು ಸಲಾನೂ ನೀರಿಗಿ ಬಣ್ಣ ಬಿಟ್ಟಿಲ್ಲ" ಎನ್ನುವಳು. ಬಣ್ಣ ಹೋಗಿ ಬಿಳಿಚಿದ ಸೀರೆ ತಂದಿದ್ದ ಭೀಮಬಾಯಿ ತಲೆ ಕೆಳಗೆ ಹಾಕಿ ಕೂಡುವಳು. ಎರಡು ರವಿವಾರ ಸಹಿಸಿದ ರಶೀದಾಬೇಗಂ ಮೂರನೆಯ ರವಿವಾರ ಸೂಜಿ ಎಸೆದು ಎದ್ದು ನಿಂತಳು.

"ಅರೆ ಅಲ್ಲಾ! ಇಲ್ಲಿ ಕೌದಿ ಹೊಲೀಲಿಕತ್ತೀವೋ, ಸೀರಿ ಅಂಗಡಿ ಇಟ್ಟೀವೋ? ಇನ್ ಮ್ಯಾಲ ಯಾರು ಏನು ತಂದ್ರು ಅಂತ ಯಾರಿಗೂ ಗೊತ್ತಾಗಬಾರದು. ಗಂಟು ಕಟ್ಟರಿ, ಕಟ್ಟಿ ಮ್ಯಾಲ ಇಟ್ಟು ಹೋಗರಿ. ಇಟ್ಟ ಮ್ಯಾಲ ಅದು ನಿಮ್ಮದಲ್ಲ. ಯಾರ ಗಂಟು ಅಂತ ಕೇಳೋದೂ ಇಲ್ಲ, ಹೇಳೋದೂ ಇಲ್ಲ!"

ಗಂಟಿನ ಬಟ್ಟೆ ನೋಡಿಯೂ ಮನೆ ಗುರುತು ಹತ್ತುತ್ತದಲ್ಲ? ಅದಕ್ಕೆ ಭಾಗಮ್ಮ ಗಂಡನ ಹಳೆಯ ಧೋತರಗಳನ್ನು ಹರಿದು ಎಲ್ಲರಿಗೂ ಒಂದೊಂದು ತುಂಡು ಹಂಚಿದಳು. ಅಂದಿನಿಂದ ಪಡಸಾಲೆಯ ಕಟ್ಟೆಗೆ ಬರುವ ಗಂಟುಗಳೆಲ್ಲ ಒಂದೇ ನಮೂನೆ. "ಮೈಮ್ಯಾಲಿಂದೊಂದು ಬಿಡ್ರಿ ಯವ್ವ, ಅಂಗಡಿಗಿ ಹೋಗಬೇಕು" ಎಂದು ಕಲ್ಯಾಣಪ್ಪ ಕೈಮುಗಿದರೆ ಹೆಂಗಸರು ಬಿದ್ದುಬಿದ್ದು ನಗುತ್ತಿದ್ದರು.

ಇನ್ನೊಂದು ಕಾಯಿದೆ ಭಾಗಮ್ಮನದೇ. ಅವರಲ್ಲೊಬ್ಬಳು ಆಸ್ಪತ್ರೆಗೆ ಹೋಗಿ ತಾನು ಹೊಲಿದ ಕೌದಿಯನ್ನು ಹುಡುಕಿ, "ನೆಲಕ್ಕ ಹಾಕೀರಲ್ಲ, ಕಣ್ಣಿಲ್ಲೇನು?" ಎಂದು ಹಸಿ ಬಾಣಂತಿಯನ್ನು ಬೈದು ಬಂದಿದ್ದಳು. ಭಾಗಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕೊಟ್ಟ ಕೌದಿಯ ಬೆನ್ನು ಹತ್ತಿ ಹೋಗಬಾರದು, ಹಾಸಲಿ, ಹೊದೆಯಲಿ, ಕಿಟಕಿಗೆ ಕಟ್ಟಲಿ, ತಿರುಗಿ ಕೇಳಬಾರದು ಎಂದು ಅಂದೇ ಗೆರೆ ಎಳೆದಳು.

ಆಗಿನ ರವಿವಾರಗಳ ರುಚಿಯೇ ಬೇರೆ. ಕೌದಿ ಮುಗಿಯುತ್ತ ಬಂದಾಗ ಅದರ ನಡುವೆ ಒಂದು ಸಂದು ಉಳಿಸುತ್ತಿದ್ದರು. ಅಲ್ಲಿ ಜೋಳದ ರೊಟ್ಟಿಯ ಚೂರೊಂದನ್ನು ಇಟ್ಟು ಮೇಲೆ ತುಂಡು ಹಾಕಿ ಹೊಲಿದುಬಿಡುವುದು. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತಣ್ಣಗಿರುತ್ತದೆ ಎಂದು ನಂಬಿಕೆ. ರೊಟ್ಟಿ ಇಡುವ ಕೆಲಸ ಭಾಗಮ್ಮನ ಮಗಳು ಶಿವರಂಜನಿಯದು. ಎರಡು ಜಡೆ ಹಾಕಿಕೊಂಡ ಹುಡುಗಿ, ಇಡುವ ಮುಂಚೆ ಅರ್ಧ ತಾನೇ ತಿಂದು, "ಕೌದಿಗಿ ಇಷ್ಟೇ ಸಾಕು, ಭಾಳ ತಿಂದ್ರ ಅಜೀರ್ಣ ಆಗ್ತದ" ಎನ್ನುವಳು. ಪಡಸಾಲೆಗೆ ಪಡಸಾಲೆಯೇ ನಗುತ್ತಿತ್ತು. ಅಯ್ಯೋ, ಆ ನಗುವನ್ನು ಈಗ ನೆನೆದರೂ ಭಾಗಮ್ಮನಿಗೆ ಕರುಳು ಚುರ್ ಎನ್ನುತ್ತದೆ.

ಶಿವರಂಜನಿ ಓದಿ ಚಿತ್ತಾಪುರದ ಶಾಲೆಯಲ್ಲಿ ಮಾಸ್ತರಿಣಿಯಾದಳು. ಮೊದಲ ದಿನ ಉಟ್ಟುಕೊಂಡು ಹೋದದ್ದು ನೇರಳೆ ಬಣ್ಣದ ಮೇಲೆ ಹಳದಿ ಚುಕ್ಕಿಯ ನೂಲಿನ ಸೀರೆ, ತಾಯಿಯೇ ಆರಿಸಿ ತಂದದ್ದು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು. ತಲೆಗೇರಿತು. ಕಲಬುರಗಿಗೆ ಒಯ್ದರೂ ಉಳಿಯಲಿಲ್ಲ. ಅವಳ ಪುಸ್ತಕ, ಬಳೆ, ಬೇರೆ ಬಟ್ಟೆ ಎಲ್ಲವನ್ನೂ ಭಾಗಮ್ಮ ಕೊಡುವವರಿಗೆ ಕೊಟ್ಟಳು. ಆ ಒಂದು ಸೀರೆಯನ್ನು ಕೊಡಲಿಲ್ಲ. ಗಂಡನ ಧೋತರದಲ್ಲಿ ಸುತ್ತಿ ಟ್ರಂಕಿನ ತಳಕ್ಕಿಟ್ಟಳು. ದೀಪಾವಳಿ ಮುಗಿದ ಮೇಲೆ ಒಮ್ಮೆ ಹೊರಗೆ ತೆಗೆದು, ನೆರಳಲ್ಲಿ ಗಾಳಿಗೆ ಹಾಕಿ, ಮತ್ತೆ ಸುತ್ತಿ ಇಡುವಳು. ಕಲ್ಯಾಣಪ್ಪನೂ ಹೋದ ಮೇಲೆ ಅವಳಿಗೆ ತನ್ನದೆಂದು ಉಳಿದದ್ದು ಆ ಗಂಟೊಂದೇ ಅನಿಸುತ್ತಿತ್ತು. ಮಗ, ಸೊಸೆ ಉಮಾದೇವಿ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಅದು ಬೇರೆ ಮಾತು.

ಹೋದ ದೀಪಾವಳಿಯ ನಂತರ ಭಾಗಮ್ಮನಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಕಲಬುರಗಿಗೆ ಹೊರಡುವ ಬೆಳಿಗ್ಗೆಯೇ ಅವಳಿಗೆ ಸೀರೆಯ ನೆನಪು. ಈ ಸಲ ಗಾಳಿಗೆ ಹಾಕಿಲ್ಲವಲ್ಲ ಎಂದು ತೆಗೆದು ಪಡಸಾಲೆಯ ಹಗ್ಗದ ಮೇಲೆ ಹರವಿದಳು. ಮಡಚಿ ಧೋತರದಲ್ಲಿ ಗಂಟು ಕಟ್ಟುವಷ್ಟರಲ್ಲಿ ಹೊರಗೆ ಆಟೋದವನ ಹಾರ್ನು, ಮಗನ ಅವಸರ, "ಅವ್ವಾ, ಬಸ್ ಹೋಗ್ತದ!" ಎನ್ನುವ ಕೂಗು. ಚಪ್ಪಲಿ ಮೆಟ್ಟಲು ಬಗ್ಗಿದವಳು ಕೈಲಿದ್ದ ಗಂಟನ್ನು ಒಂದು ಗಳಿಗೆ ಎಂದು ಇಳಿಸಿಟ್ಟಳು. ಎಲ್ಲಿ? ಆ ಕಟ್ಟೆಯ ಮೇಲೆ. ಆಮೇಲೆ ಆಟೋ ಹತ್ತಿದಳು.

ತಂಗಿಯ ಮನೆಯಲ್ಲಿದ್ದು ಕಣ್ಣು ವಾಸಿ ಮಾಡಿಕೊಂಡು, ಕರಿ ಕನ್ನಡಕ ಹಾಕಿಕೊಂಡು ಊರಿಗೆ ಬಂದ ದಿನವೇ ಟ್ರಂಕು ತೆಗೆದಳು. ತಳ ಖಾಲಿ.

"ಉಮಾ, ಇದ್ರಾಗಿನ ಗಂಟು ಎಲ್ಲದ?"

"ಯಾವ ಗಂಟ್ರಿ ಅತ್ತಿ? ನಾ ಟ್ರಂಕ್ ಮುಟ್ಟೇ ಇಲ್ಲರಿ."

"ಅವತ್ತ ಮುಂಜಾನಿ ಕಟ್ಟಿದ್ದೆ ನೋಡು, ಕಟ್ಟಿ ಮ್ಯಾಲ…" ಎಂದವಳ ಮಾತು ಅಲ್ಲಿಗೇ ನಿಂತಿತು. ಉಮಾದೇವಿಯ ಮುಖ ಬಿಳಿಚಿಕೊಂಡಿತು. ಕಟ್ಟೆಯ ಮೇಲಿದ್ದ ಗಂಟುಗಳೆಲ್ಲ ಬಿಚ್ಚಿ, ಹರಿದು, ಕೌದಿಯಾಗಿ, ಚಿಂಚೋಳಿಯ ಹುಡುಗಿಯರಿಗೆ ಹೋಗಿ ಆಗಿತ್ತು.

ರವಿವಾರ ಹೆಂಗಸರು ಕೂಡಿದಾಗ ಸುದ್ದಿ ಗೊತ್ತಾಯಿತು. ಹರಿಯುವ ಕೆಲಸ ಯಾವಾಗಲೂ ಭೀಮಬಾಯಿಯದು. ಅವಳು ಎದೆ ಎದೆ ಬಡಿದುಕೊಂಡಳು.

"ನೇರಳೆ ಸೀರಿ ಏನಕ್ಕ? ನನ್ನ ಕೈ ಸೇದಿ ಹೋಗಲಿ! ಇಷ್ಟು ಛಲೋ ಸೀರಿ ಯಾವ ಪುಣ್ಯಾತ್ಗಿತ್ತಿ ಕೊಟ್ಟಾಳ ಅಂತ ನಕ್ಕೋತ ಹರದೆನಲ್ಲಕ್ಕ ನಾ. ಯಾರದು ಅಂತ ಒಂದು ಮಾತು ಕೇಳಬಾರದಿತ್ತಾ?"

"ಕೇಳಬಾರದು ಅಂತ ನಾವೇ ಅಂದೀವಲ್ಲವ್ವ. ನಿನ್ನ ತಪ್ಪೇನದ? ಇಟ್ಟಾಕಿ ನಾನು" ಎಂದಳು ಭಾಗಮ್ಮ. ದನಿ ಗಟ್ಟಿ ಇತ್ತು. ಆದರೆ ಆ ವಾರವೆಲ್ಲ ಅವಳಿಗೆ ಅನ್ನ ಸೇರಲಿಲ್ಲ. ಕೌದಿಯನ್ನು ತಿರುಗಿ ತರಬೇಕು. ತರಬಾರದು. ಊರಿಗೆಲ್ಲ ಹೇಳಿದ ಕಾಯಿದೆಯನ್ನು ತಾನೇ ಮುರಿದರೆ ನಾಳೆ ಯಾರ ಮುಂದೆ ಬಾಯಿ ತೆರೆಯುವುದು? ಮುರಿಯದಿದ್ದರೆ ಮಗಳು ಇನ್ನೊಮ್ಮೆ ಸತ್ತ ಹಾಗೆ. ಹಿಂಗಾದರೂ ನೋವು, ಹಂಗಾದರೂ ನೋವು.

ಕಡೆಗೆ ರಶೀದಾಬೇಗಂಳೇ ಬಂದು ಬಾಗಿಲಲ್ಲಿ ನಿಂತಳು. ಬಗಲಲ್ಲಿ ಹೊಸ ಕೌದಿ, ಅವರು ಇದುವರೆಗೆ ಹೊಲಿದದ್ದರಲ್ಲೇ ದಪ್ಪನೆಯದು.

"ನಡಿ ಭಾಗಮ್ಮಾ, ಚಿಂಚೋಳಿಗಿ. ಇದು ಕೊಟ್ಟು ಅದು ತರೋಣು."

"ಕಾಯ್ದಾ, ಆಪಾ?"

"ಕಾಯ್ದಾ ಮಾಡಿದವ್ರು ನಾವೇ. ಒಂದು ಸಲ ಮುರದ್ರ ಆಸ್ಮಾನ್ ಬೀಳೋದಿಲ್ಲ. ಎದ್ದೇಳು, ಸೆರಗು ಸರಿ ಮಾಡ್ಕೋ."

ಬಸ್ಸು ಸುಲೇಪೇಟದ ಮೇಲೆ ಹಾದು ಹೋಯಿತು. ರಸ್ತೆಯ ಎರಡೂ ಕಡೆ ತೊಗರಿ ಹೂಬಿಟ್ಟು ನಿಂತಿತ್ತು. ಹೊಸ ಕಣ್ಣಿಗೆ ಆ ಹಳದಿ ಎಷ್ಟು ನಿಚ್ಚಳವಾಗಿ ಕಂಡಿತೆಂದರೆ ಭಾಗಮ್ಮ ಮುಖ ತಿರುಗಿಸಿದಳು. ತವರಿನ ಸಂತೆ, ಅಪ್ಪನ ಬೆರಳು ಹಿಡಿದು ಬಳೆ ಇಡಿಸಿಕೊಂಡದ್ದು, ತಾನೂ ಇದೇ ಹಾದಿಯಲ್ಲಿ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಂದದ್ದು, ಒಂದರ ಹಿಂದೊಂದು ನುಗ್ಗಿ ಬಂದವು. ರಶೀದಾಬೇಗಂ ಮಾತ್ರ ಕಂಡಕ್ಟರನೊಡನೆ ಸೀಟಿನ ಸಲುವಾಗಿ ಜಗಳ ಸುರು ಮಾಡಿದ್ದಳು.

ವಸತಿಯನ್ನು ನೋಡಿಕೊಳ್ಳುವ ಬಸವಲಿಂಗ ಮಾಸ್ತರರು ಎದ್ದು ಬಂದು ಕುರ್ಚಿ ಹಾಕಿಸಿದರು. "ಬರ್ರಿ ಅಮ್ಮಾರ, ಕುಂದ್ರಿ" ಎಂದು ಎಲ್ಲವನ್ನೂ ಕೇಳಿಕೊಂಡರು.

"ಅದ್ರಾಗೇನದರಿ? ನೇರಳೆ ತುಂಡಿಂದು ಲುಂಬಿನಿ ಹತ್ರ ಅದ. ನಾಲ್ಕನೇತ್ತ ಸಾಲಿ ಕಲಿಯೋ ಹುಡುಗಿ. ಈಗ ಕರಸ್ತೀನಿ" ಎಂದರು.

ಹುಡುಗಿ ಕೌದಿಯನ್ನು ಎದೆಗವಚಿಕೊಂಡು ಬಂದಳು. ಮಡಿಕೆಯ ಮೇಲ್ಭಾಗದಲ್ಲೇ ಇತ್ತು ಆ ತುಂಡು, ನೇರಳೆಯ ಮೇಲೆ ಹಳದಿ ಚುಕ್ಕಿ. ಭಾಗಮ್ಮನ ಕೈ ತಾನಾಗಿ ಮುಂದೆ ಹೋಯಿತು.

"ಅಜ್ಜಿಗಿ ಕೊಡವ್ವ. ನಿನಗ ಅದಕ್ಕಿಂತ ಛಲೋದು ತಂದಾರ" ಎಂದರು ಮಾಸ್ತರರು.

ಹುಡುಗಿ ಕೊಟ್ಟಳು. ಇಲ್ಲ ಎನ್ನುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ರಶೀದಾಬೇಗಂ ಚಾಚಿದ ಹೊಸ ಕೌದಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ಒಳಗೂ ಹೋಗಲಿಲ್ಲ. ಕಾಲಿನ ಹೆಬ್ಬೆರಳಿಂದ ನೆಲದ ಕಲ್ಲು ಕೆರೆಯುತ್ತ ನಿಂತಳು.

"ಅಜ್ಜಿ, ಅದನ್ನ ಒಗೀಬ್ಯಾಡ್ರಿ."

"ಯಾಕವ್ವ?"

"ಒಗದ್ರ ಹೋಗ್ತದ. ಅದಕ್ಕ ನಮ್ಮವ್ವನ ವಾಸನಿ ಬರ್ತದ."

ಮಾಸ್ತರರು ಭಾಗಮ್ಮನ ಕಿವಿಯ ಹತ್ತಿರ ಬಗ್ಗಿ, "ಅವ್ವ ಹೋದ ಬ್ಯಾಸಿಗ್ಯಾಗ ತೀರಿಕೊಂಡಾಳ್ರಿ. ಉಟ್ಟ ಬಟ್ಟಿ ಮ್ಯಾಲ ಬಂದ ಕೂಸು, ಅವ್ವಂದು ಅಂತ ಒಂದು ಚಿಂದಿ ಸುದ್ದಾ ತಂದಿಲ್ಲ" ಎಂದರು.

ಭಾಗಮ್ಮ ಕೌದಿಯನ್ನು ಮೂಗಿನ ಹತ್ತಿರ ಹಿಡಿದಳು. ಕೊಬ್ಬರಿಎಣ್ಣೆ, ಕೂಸಿನ ನಿದ್ದೆಯ ಬೆವರು. ಶಿವರಂಜನಿ ಎಲ್ಲೂ ಇರಲಿಲ್ಲ. ಖರೆ ಹೇಳಬೇಕೆಂದರೆ ಎಷ್ಟೋ ವರ್ಷಗಳಿಂದ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಆ ಸೀರೆಗೆ ಒಂದು ಹನಿ ನೀರು ಸೋಕಿಸಲು ಯಾರನ್ನೂ ಬಿಟ್ಟಿರಲಿಲ್ಲ. ಎದೆಯಲ್ಲಿ ಗಟ್ಟಿಯಾಗಿ ಕೂತಿದ್ದ ಅಳು ಈಗ ಬಂತು. ಹೊಸ ಕಣ್ಣಿಗೆ ನೀರು ಬರಬಾರದು ಎಂದು ಡಾಕ್ಟರು ಹೇಳಿದ್ದನ್ನು ಯಾರು ಕೇಳುತ್ತಾರೆ?

ಕುರ್ಚಿಯಿಂದ ಇಳಿದು ನೆಲಕ್ಕೆ ಕೂತು, ಕೌದಿಯನ್ನು ಬಿಚ್ಚಿ ಹುಡುಗಿಯ ಹೆಗಲ ತುಂಬ ಹೊದಿಸಿದಳು. ನೇರಳೆ ತುಂಡು ಗಲ್ಲದ ಕೆಳಗೆ ಬರುವಂತೆ ಎಳೆದು ಸರಿ ಮಾಡಿದಳು.

"ಹೌದು ಕೂಸ, ನಿಮ್ಮವ್ವನ ವಾಸನಿನೇ ಅದ. ಒಗೀಬ್ಯಾಡ. ಯಾರು ಕೇಳಿದ್ರೂ ಕೊಡಬ್ಯಾಡ."

ಹುಡುಗಿ ತಲೆಯಾಡಿಸಿದಳು. ಭಾಗಮ್ಮ ಎದ್ದು ನಾಲ್ಕು ಹೆಜ್ಜೆ ಹೋದವಳು ನಿಂತು ತಿರುಗಿದಳು.

"ನಾಳಿ ನಾನೇ ಬಂದು ಕೇಳಿದ್ರೂ ಕೊಡಬ್ಯಾಡ. ಅತ್ತು ಕೇಳಿದ್ರೂ ಕೊಡಬ್ಯಾಡ, ತಿಳೀತಿಲ್ಲೋ?"