ಬಿಚ್ಚದೇ ಹೋದ ಕೌದಿ

ಮುಖ್ಯ ಅತಿಥಿಗಳು ‘ಹೊಸಪೇಟಿ ಬಿಟ್ಟೀವಿ’ ಎಂದು ಫೋನಿನಲ್ಲಿ ಮೂರನೇ ಸಲ ಹೇಳುವ ಹೊತ್ತಿಗೆ, ಇಟ್ಟಿಗಿಯ ಹಾಲಮ್ಮ ತಮ್ಮ ಬಟ್ಟೆಗಂಟನ್ನು ಬಗಲಿಗೆ ಇಟ್ಟುಕೊಂಡು ಎದ್ದರು.

“ಯವ್ವಾ, ನನ್ನ ಬಸ್ಸಿನ ಹೊತ್ತಾತು.”

“ಇನ್ನೈದು ನಿಮಿಷ ಕೂಡ್ರಮ್ಮಾ” ಎಂದೆ. ಆ ಐದು ನಿಮಿಷವನ್ನು ಅಂದು ಎಷ್ಟು ಸಲ ಹೇಳಿದ್ದೆನೋ! ಅವರು ನಕ್ಕು, ಸಭಾಭವನದ ಕುರ್ಚಿಗಳ ಸಾಲಿನ ನಡುವೆ ದಾರಿ ಮಾಡಿಕೊಂಡು ಹೊರಟೇಬಿಟ್ಟರು.

ಕೂಡ್ಲಿಗಿಯಲ್ಲಿ ತಿಂಗಳಿಗೊಂದು ಭಾನುವಾರ ನಾವೊಂದಿಷ್ಟು ಜನ ಸೇರುತ್ತೇವೆ. ಗೊಬ್ಬರದಂಗಡಿಯ ಮೇಲಿನ ಖಾಲಿ ಕೋಣೆ, ಎರಡು ಜಮಖಾನ, ಫ್ಲಾಸ್ಕಿನಲ್ಲಿ ಚಹಾ. ನಿಯಮ ಒಂದೇ: ಬರಿಗೈಲಿ ಬರಬಾರದು. ಕಥೆ, ಚಿತ್ರ, ಹಾಡು ಏನಾದರೂ ಸರಿ, ನೀವೇ ಮಾಡಿದ್ದಿರಬೇಕು. ಅರ್ಧವಾಗಿದ್ದರೂ ನಡೆಯುತ್ತದೆ.

ಹಾಲಮ್ಮ ತರುತ್ತಿದ್ದುದು ಕೌದಿ, ಕೈಯಾರೆ ಹೊಲಿದ ಹೊದಿಕೆ. ಹಳೆ ಸೀರೆಯ ಒಂದೊಂದೇ ತುಂಡು ಮುಟ್ಟಿ, ಅದು ಯಾರದು, ಅದನ್ನುಟ್ಟು ಆಕೆ ಯಾರ ಮೇಲೆ ಜಗಳಕ್ಕೆ ಹೋಗಿದ್ದಳು ಎಂದೆಲ್ಲ ಹೇಳುತ್ತಿದ್ದರು. (ನಮ್ಮ ಯಾವ ಕಥೆಗೂ ಅಷ್ಟು ನಗು ಎದ್ದಿಲ್ಲ. ನನ್ನದಕ್ಕಂತೂ ಇಲ್ಲ.) ಹಿಂದಿನ ಸಲ, “ಮೊಮ್ಮಗಗ ಹೊಲಿಯಾಕತ್ತೀನಿ. ನೀವೆಲ್ಲ ನೋಡಿದ ಮ್ಯಾಲೆನ ಕೊಡಾದು” ಎಂದಿದ್ದರು.

ಅಷ್ಟರಲ್ಲಿ ಕೂಟಕ್ಕೆ ವರ್ಷ ತುಂಬಿತು. ಕೊಟ್ಟೂರಿನ ಡ್ರಾಯಿಂಗ್ ಮೇಷ್ಟ್ರು, “ಒಂದು ಫಂಕ್ಷನ್ ಮಾಡಾಣ್ರಿ. ಇಲ್ಲಾಂದ್ರ ಮಂದಿ ನಮ್ಮನ್ನ ಚಾ ಕುಡಿಯೋ ಸಂಘ ಅಂತಾರ” ಎಂದರು. ನಕ್ಕೆವು. ಆದರೆ ಮಾತು ನಾಟಿತು.

ಸಭಾಭವನ, ಬ್ಯಾನರ್, ಉದ್ಘಾಟಕರು, ಅಧ್ಯಕ್ಷರು, ಪ್ರಾರ್ಥನೆ, ಸ್ವಾಗತ, ವಂದನಾರ್ಪಣೆ. ಪಟ್ಟಿ ಬರೆದವಳು ನಾನೇ. ಎದ್ದು ನಿಂತು ಮಾತಾಡಲು ಹಿಂಜರಿಯುವವರಿಗೆ ಪಟ್ಟಿ ಬರೆಯುವುದು ಬಹಳ ಸುರಕ್ಷಿತ ಕೆಲಸ. ಕೊನೆಯಲ್ಲಿ, ‘ಸಮಯವಿದ್ದರೆ’ ಎಂದು ಸೇರಿಸಿ, ಹಾಲಮ್ಮನ ಹೆಸರು ಹಾಕಿದ್ದೆ.

ಸಮಯವಿರಲಿಲ್ಲ. ಹಾಲಮ್ಮ ಕೌದಿಯ ಗಂಟು ಬಿಚ್ಚದೇ ಹೋಗಿ ಎಷ್ಟೋ ಹೊತ್ತಿನ ಮೇಲೆ ಅತಿಥಿಗಳು ಬಂದರು. ಶಾಲು ಹೊದಿಸಿದೆವು. ಗ್ರಾಮೀಣ ಪ್ರತಿಭೆಗಳನ್ನು ಗುರುತಿಸಬೇಕೆಂದು ಅವರು ಮುಕ್ಕಾಲು ಗಂಟೆ ಮಾತಾಡಿದರು. ನಾವು ಚಪ್ಪಾಳೆ ತಟ್ಟಿದೆವು.

ಹತ್ತು ಜನ ಸುತ್ತ ಕೂತು ಒಬ್ಬರ ಕೆಲಸವನ್ನು ಒಬ್ಬರು ನೋಡುವುದು ನಮಗೇಕೆ ಸಾಲುವುದಿಲ್ಲ? ವೇದಿಕೆ ಮೇಲಿನಿಂದ ಯಾರಾದರೂ ‘ಚೆನ್ನಾಗಿದೆ’ ಎನ್ನುವವರೆಗೆ ನಮ್ಮದು ನಮಗೇ ಚೆನ್ನಾಗಿ ಕಾಣುವುದಿಲ್ಲವೇ?

ಮುಂದಿನ ತಿಂಗಳು ಮತ್ತೆ ಅದೇ ಕೋಣೆಯಲ್ಲಿ ಜಮಖಾನ ಹಾಸಿದೆವು. ಹಾಲಮ್ಮ ಬರಲಿಲ್ಲ. ಮರುದಿನ ಫೋನ್ ಮಾಡಿದೆ.

“ಕೌದಿ ಕೊಟ್ಟುಬಿಟ್ಟೆನವ್ವ. ಥಂಡಿ ಬಂತು, ಕೂಸಿಗೆ ಬೇಕಲ್ಲ.”

ದನಿಯಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತು.

“ನಿನ್ನೆ ಯಾಕ ಬರ್ಲಿಲ್ಲಮ್ಮಾ?” ಎಂದೆ.

“ಅಯ್ಯ, ನಿನ್ನೆನೂ ದೊಡ್ಡೋರ ಸಭಾ ಅನ್ಕೊಂಡೆ. ಅದ್ರಾಗ ನಂದೇನೈತಿ? ನಮ್ಮದು ಮತ್ತ ಯಾವಾಗ ಸುರು ಮಾಡ್ತೀರಿ, ಅದನ್ನ ಹೇಳು.”