ಮೇವಿಸ್ ಬೆಸೆದ ನೀರಿನ ಚೀಲ

ಇಂಗ್ಲೆಂಡಿನ ಕಾವೆಂಟ್ರಿಯ ಕಾಲುವೆ ದಂಡೆಯಲ್ಲಿದ್ದ ನಮ್ಮ ಕಾರ್ಖಾನೆಯಲ್ಲಿ ಮೇವಿಸ್ ಕ್ಲೂಸ್ ಹದಿನೇಳು ವರ್ಷ ನೀರಿನ ಚೀಲ ಬೆಸೆದಳು. ಆಗಿನ ಸ್ಪೋರ್ಟ್ಸ್ ಕಾರುಗಳ ಬಾನೆಟ್ ಎಷ್ಟು ತಗ್ಗೆಂದರೆ, ಮುಂದಿನ ಗಾಜು ತೊಳೆಯುವ ನೀರಿಗೆ ಬಾಟಲಿ ಇಡಲೂ ಜಾಗವಿರಲಿಲ್ಲ. ಅದಕ್ಕೇ ಎಂಜಿನ್ ಪಕ್ಕದ ಮೂಲೆಯಲ್ಲಿ ಅಂಚುಗಳನ್ನು ಮೆಷೀನಿನಲ್ಲಿ ಕಾಯಿಸಿ ಬೆಸೆದ ಮೆತ್ತನೆಯ ಪ್ಲಾಸ್ಟಿಕ್ ಚೀಲವೊಂದನ್ನು ನೇತುಹಾಕುತ್ತಿದ್ದರು. ಕಾಲ ಬಳಿಯ ರಬ್ಬರ್ ಗುಂಡಿಯನ್ನು ನಾಲ್ಕು ಸಲ ತುಳಿದರೆ ಗಾಜಿನ ಮೇಲೆ ಒಂದಿಷ್ಟು ನೀರು ಚಿಮ್ಮುತ್ತಿತ್ತು.

ಸಾವಿರದ ಒಂಬೈನೂರ ಅರವತ್ತಮೂರರ ಚಳಿಗೆ ಆ ಚೀಲಗಳು ಒಡೆದು ರಾಶಿ ರಾಶಿಯಾಗಿ ವಾಪಸ್ಸು ಬಂದವು. ಮೇವಿಸ್ ಊಟದ ಬಿಡುವಿನಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದಳು. ಎಲ್ಲವೂ ಮೂಲೆಯಲ್ಲೇ ಸೀಳಿದ್ದವು. ಅವಳು ಹೊಸ ಚೀಲವೊಂದರ ಮೂಲೆಯನ್ನು ದುಂಡಗೆ ಕತ್ತರಿಸಿ, ಬೆಸುಗೆಯ ಪಕ್ಕದಲ್ಲೇ, ಅದಕ್ಕೆ ತಾಗದ ಹಾಗೆ, ಇನ್ನೊಂದು ಬೆಸುಗೆ ಎಳೆದಳು. ನೀರು ತುಂಬಿಸಿ ಅಂಗಳದಲ್ಲಿಟ್ಟಳು. ಮರುದಿನ ಬೆಳಿಗ್ಗೆ ನೋಡಿದಾಗ ಚೀಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಒಡೆದಿರಲಿಲ್ಲ. ಪ್ಯಾಕಿಂಗ್‌ನಲ್ಲಿದ್ದ ನನ್ನನ್ನು ಕರೆದು ತೋರಿಸಿದಳು. ಅಷ್ಟರಲ್ಲಿ ಮೇಸ್ತ್ರಿ ಸಿರಿಲ್ ಆರ್ಪ್‌ವುಡ್ ಬಂದ.

“ಯಾರು ಹೇಳಿದ್ರು ಹಿಂಗೆ ಮಾಡೋಕೆ?”

“ಯಾರೂ ಹೇಳ್ಲಿಲ್ಲ. ಒಡೀತಿತ್ತು, ಮಾಡ್ದೆ.”

“ಕೊಡು ಇಲ್ಲಿ. ಮೇಲಿನವ್ರಿಗೆ ತೋರಿಸ್ತೀನಿ.”

ತೋರಿಸಿದ, ತನ್ನದೆಂದು. ವಸಂತ ಬರುವಷ್ಟರಲ್ಲಿ ಅವನು ವಿನ್ಯಾಸ ವಿಭಾಗದ ಮುಖ್ಯಸ್ಥನಾಗಿದ್ದ. ಮೇವಿಸ್ ತನ್ನ ಮೂರನೇ ನಂಬರಿನ ಬೆಸುಗೆ ಮೆಷೀನಿನಲ್ಲೇ ಉಳಿದಳು. “ಹೋಗ್ಲಿ ಬಿಡು ಹೊರೇಸ್, ಚೀಲ ಒಡೀದಿದ್ರೆ ಸಾಕು,” ಅಂದಳು ನನಗೆ.

ಕಾರ್ಖಾನೆ ಮುಚ್ಚಿದಾಗ ಅವಳು ತನ್ನ ಬೆಸುಗೆ ಮೆಷೀನನ್ನು ಮಗುವಿನ ತಳ್ಳುಗಾಡಿಯಲ್ಲಿಟ್ಟು ಮನೆಗೆ ತಳ್ಳಿಕೊಂಡು ಹೋದಳು. ನಿವೃತ್ತನಾದ ಮೇಲೆ ನಾನೊಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡು, ಮೂರು ವರ್ಷ ಉಜ್ಜಿ ಉಜ್ಜಿ ಹೊಸದು ಮಾಡಿದೆ. ಅದಕ್ಕೆ ಬೇಕಾದ ಚೀಲವನ್ನು ಮೇವಿಸ್ ಅಡುಗೆಮನೆಯ ಮೇಜಿನ ಮೇಲೆ ಬೆಸೆದುಕೊಟ್ಟಳು. ಹಳೆಯ ಕಾರುಗಳ ಕ್ಲಬ್ಬಿನ ಪ್ರದರ್ಶನದ ದಿನ ಒಳ್ಳೆಯ ಕೋಟು ಹಾಕಿಕೊಂಡು ಜೊತೆಗೂ ಬಂದಳು.

ತೀರ್ಪುಗಾರನಾಗಿ ಬಂದವನು ಆರ್ಪ್‌ವುಡ್. ಈ ಕಾರುಗಳ ಬಗ್ಗೆ ಅವನು ಬರೆದ ಪುಸ್ತಕವೇ ಕ್ಲಬ್ಬಿನವರಿಗೆ ವೇದ. ಬಾನೆಟ್ ಎತ್ತಿ ನೋಡಿದವನೇ ಮೂಗು ಮುರಿದ.

“ಚೀಲ ನಕಲಿ. ನನ್ನ ವಿನ್ಯಾಸದಲ್ಲಿ ಎರಡೂ ಬೆಸುಗೆ ಮೂಲೇಲಿ ಸೇರ್ತವೆ. ಪುಸ್ತಕದಲ್ಲಿ ಚಿತ್ರ ಇದೆ.”

“ಸೇರಿದ್ರೆ ಅಲ್ಲೇ ಒಡ್ಯೋದು, ಸಿರಿಲ್. ಅದಕ್ಕೇ ನಾನು ಸೇರಿಸ್ದೆ ಬಿಟ್ಟಿದ್ದು,” ಅಂದಳು ಮೇವಿಸ್.

“ತಾವ್ಯಾರು?”

“ಮೇವಿಸ್. ಮೂರನೇ ಮೆಷೀನು.”

“ಕ್ಷಮಿಸಿ ತಾಯಿ, ಆ ಶೆಡ್ಡಲ್ಲಿ ನಲವತ್ತು ಹೆಂಗಸರಿದ್ರು.” ಸುತ್ತ ನಿಂತವರು ನಕ್ಕರು. ಅವನು ನನ್ನ ಕಡೆ ತಿರುಗಿದ. “ನೀವೂ ಅಲ್ಲೇ ಇದ್ರಂತಲ್ಲ? ನೀವೇ ಹೇಳಿ, ಇದನ್ನ ಕಂಡುಹಿಡಿದಿದ್ದು ಯಾರು?”

ಬಿಡಿಭಾಗವೆಲ್ಲ ಮೂಲದಂತೇ ಇರುವ ಕಾರಿಗೆ ಸಿಗುವ ಬೆಳ್ಳಿ ಕಪ್ಪಿಗೆ ಎರಡೇ ಕಾರು ಉಳಿದಿದ್ದವು. ಒಂದು ನನ್ನದು.

“ನಾನು ಪ್ಯಾಕಿಂಗಲ್ಲಿದ್ದೆ. ಅದೆಲ್ಲ ಗೊತ್ತಿಲ್ಲ,” ಅಂದೆ.

ಆರ್ಪ್‌ವುಡ್ ಒಪ್ಪಿದ ಚೀಲಗಳನ್ನು ಮಾರುವ ಮಳಿಗೆ ಅಲ್ಲೇ ಇತ್ತು. ಒಂದು ತಂದು ಬದಲಾಯಿಸಿದೆ. ಕಪ್ಪು ನನಗೇ ಬಂತು. ಅದನ್ನು ಹಿಡಿದುಕೊಂಡು ಹುಡುಕಿದರೆ ಮೇವಿಸ್ ಎಲ್ಲೂ ಕಾಣಲಿಲ್ಲ, ಬಸ್ಸು ಹತ್ತಿ ಹೋಗಿದ್ದಳು. ಮರುದಿನ ನಮ್ಮ ಬೀದಿಯಲ್ಲೇ ಇದ್ದ ಅವಳ ಮನೆ ಬಾಗಿಲು ತಟ್ಟಿದೆ. ಅವಳು ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು.

“ಅವನು ಕದ್ದಿದ್ದಕ್ಕೆ ನಂಗಷ್ಟು ನೋವಿಲ್ಲ ಕಣೋ. ಅವನ ಜಾಯಮಾನವೇ ಅದು. ಆದ್ರೆ ಅವತ್ತು ಬೆಳಿಗ್ಗೆ ಕಾರ್ಖಾನೆ ಅಂಗಳದಲ್ಲಿ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆಯಲ್ಲೋ ಹೊರೇಸ್.”

ನಾನು ಗೇಟು ಎಳೆದುಕೊಂಡು ಮನೆಗೆ ನಡೆದೆ.

ಅದೇ ವಾರ ಅವಳು ಮೆಷೀನನ್ನು ಗುಜರಿಯವನಿಗೆ ಕೊಟ್ಟಳು. ಆಮೇಲೆ ಮಳಿಗೆಯ ಚೀಲಗಳು ಚಳಿಗೆ ಒಡೆದು, ಅವಳ ಚೀಲ ಕೇಳಿಕೊಂಡು ದೂರದೂರದಿಂದ ಜನ ಬಂದರು. “ಪುಸ್ತಕದಲ್ಲಿದೆಯಂತೆ, ನೋಡ್ಕೊಳ್ರಿ,” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ದಾರಿಯಲ್ಲಿ ಸಿಕ್ಕರೆ ಹವಾಮಾನದ ಮಾತಾಡುತ್ತಿದ್ದಳು, ಅಷ್ಟೇ.

ನಾಲ್ಕು ವರ್ಷದ ನಂತರ ತೀರಿಕೊಂಡಳು. ಮಣ್ಣು ಮುಗಿಸಿ ಬಂದವರಿಗೆ ಅವಳ ತಂಗಿಯ ಮಗಳು ಚಹಾ ಕೊಡುತ್ತಿದ್ದಳು. “ದೊಡ್ಡಮ್ಮನ ಜೊತೆ ಕೆಲಸ ಮಾಡ್ತಿದ್ರಾ?” ಎಂದು ಕೇಳಿದಳು.

“ಇಲ್ಲಮ್ಮ, ಇದೇ ಬೀದಿಯವನು,” ಎಂದು ಕಪ್ಪು ತೆಗೆದುಕೊಂಡೆ.